ತುಲೋನಿನ ಕೆಂಪು-ಕಪ್ಪು ಅಂಗಿ

ಊರು ಬಿಟ್ಟು ಬಂದು ಬೇರೆಡೆ ನೆಲೆಸಿದ ನಮ್ಮಂಥವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: "ನಿಮ್ಮದು ಯಾವ ಊರು?" ಮೂವತ್ತು ವರ್ಷ ಒಂದೇ ಓಣಿಯಲ್ಲಿ ಬಾಳಿದವರನ್ನೂ ಅದು ಬಿಡದು, ಇಲ್ಲಿಯೇ ಹುಟ್ಟಿದ ನಮ್ಮ ಮಕ್ಕಳನ್ನಂತೂ ಬಿಡುವುದೇ ಇಲ್ಲ. ಈ ಸಲ ವಾಚಕರ ಮುಂದೆ ಇಡುತ್ತಿರುವುದು ಅದೇ ಪ್ರಶ್ನೆಯನ್ನು ನೆನಪಿಗೆ ತರುವ ಒಬ್ಬ ಪ್ರಕಾಶಕರ ಕಥೆ. ಕಥೆ ಫ್ರಾನ್ಸ್ ದೇಶದ್ದು. ಆದರೆ ಓದುತ್ತ ಹೋದಂತೆ ಅಷ್ಟೇನೂ ದೂರದ್ದೆನಿಸಲಿಕ್ಕಿಲ್ಲ.

ಫ್ರಾನ್ಸಿನ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯ ಮೇಲೆ ತುಲೋನ್ ಎಂಬ ಊರಿದೆ. ಆ ದೇಶದ ನೌಕಾಪಡೆಯ ದೊಡ್ಡ ಬಂದರು. ಮುರಾದ್ ಬುಜೆಲಾಲ್ ಅವರು 1960ರಲ್ಲಿ ಹುಟ್ಟಿದ್ದು ಇಲ್ಲಿಯೇ. ಹಿರಿಯರ ಮೂಲ ಅಲ್ಜೀರಿಯಾ, ಆರ್ಮೇನಿಯಾ. ಹೆಸರು ಹೇಳಿದೊಡನೆಯೇ "ಯಾವ ಊರು?" ಎಂದು ಕೇಳಿಸಿಕೊಳ್ಳುವ ಮನೆತನ.

ನಮ್ಮಲ್ಲಿ ಚಿತ್ರಕಥೆಯೆಂದರೆ ಮಕ್ಕಳ ಓದು. ಫ್ರೆಂಚರು ಹಾಗಲ್ಲ, ದೊಡ್ಡವರೂ ಓದುತ್ತಾರೆ, ಗಟ್ಟಿ ರಟ್ಟಿನ ಪುಸ್ತಕಗಳಾಗಿ ಕೊಂಡು ಕಪಾಟಿನಲ್ಲಿ ಜೋಡಿಸುತ್ತಾರೆ. ಬುಜೆಲಾಲ್ ಮೊದಲು ತಮ್ಮ ಊರಿನಲ್ಲಿ ಚಿತ್ರಕಥೆಗಳ ಒಂದು ಅಂಗಡಿ ತೆರೆದರು. ಗಿರಾಕಿ ಯಾವುದನ್ನು ಕೈಗೆತ್ತಿಕೊಳ್ಳುತ್ತಾನೆ, ಯಾವುದನ್ನು ಕೆಳಗಿಡುತ್ತಾನೆ ಎಂಬುದನ್ನು ಅಂಗಡಿಯವನಿಗಿಂತ ಚೆನ್ನಾಗಿ ಬಲ್ಲವರಾರು? 1989ರಲ್ಲಿ 'ಸೊಲೆಯ್' ಎಂಬ ಪ್ರಕಾಶನ ಸಂಸ್ಥೆ ಹುಟ್ಟಿತು. ಸೊಲೆಯ್ ಎಂದರೆ ಸೂರ್ಯ. 1994ರಲ್ಲಿ ಆರಂಭವಾದ 'ಲಾನ್‌ಫ್ಯೂಸ್ಟ್' ಎಂಬ ಸಾಹಸ ಕಥಾಮಾಲೆ ಅದಕ್ಕೆ ಹೆಸರು, ಹಣ ಎರಡನ್ನೂ ತಂದಿತು.

ಇನ್ನು ಆ ಊರಿನ ಆಟದ ಮಾತು. ರಗ್ಬಿಯಲ್ಲಿ ಒಂದು ಕಡೆಗೆ 15 ಜನ. ಮೊಟ್ಟೆಯಾಕಾರದ ಚೆಂಡು. ಕೈಯಲ್ಲಿ ಹಿಡಿದು ಮುಂದಕ್ಕೆ ಓಡಬಹುದು. ಆದರೆ ಜೊತೆಗಾರನಿಗೆ ಕೈಯಿಂದ ಎಸೆಯುವಾಗ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಯನ್ನು ಹಿಡಿದು ಕೆಡವಬಹುದು. ತುಲೋನಿನ ತಂಡ 1908ರದು. ಅಂಗಿಯ ಬಣ್ಣ ಕೆಂಪು, ಕಪ್ಪು. ಎದೆಯ ಮೇಲೊಂದು ಪುಟ್ಟ ಬಿಳಿ ಹೂವಿನ ಗೊಂಚಲು. ಆ ಹೂವು ಊರಿನ ಗಾಯಕ ಫೆಲಿಕ್ಸ್ ಮಯೋಲ್ ಕೋಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಹೂವು. ಆಡಲು ನೆಲ ಒದಗಿಸಿದ ಪುಣ್ಯಾತ್ಮನೂ ಆತನೇ. 1920ರಲ್ಲಿ ತೆರೆದ ಮೈದಾನಕ್ಕೆ ಇಂದಿಗೂ ಅವನದೇ ಹೆಸರು.

ಇದೇ ತುಲೋನ್ 1995ರಲ್ಲಿ, ವಲಸೆಗಾರರು ಬೇಡವೆನ್ನುವ ನ್ಯಾಷನಲ್ ಫ್ರಂಟ್ ಪಕ್ಷದವರನ್ನು ನಗರಾಧ್ಯಕ್ಷರನ್ನಾಗಿ ಆರಿಸಿತ್ತು. ಹನ್ನೊಂದು ವರ್ಷಗಳ ತರುವಾಯ, 2006ರಲ್ಲಿ, ಅದೇ ಊರಿನ ಅಚ್ಚುಮೆಚ್ಚಿನ ತಂಡಕ್ಕೆ ವಲಸೆಗಾರನ ಮಗ ಅಧ್ಯಕ್ಷನಾದ. ತಂಡ ಆಗ ಎರಡನೆಯ ದರ್ಜೆಗೆ ಇಳಿದಿತ್ತು.

ಬುಜೆಲಾಲ್ ಪ್ರಕಾಶಕನ ಬುದ್ಧಿಯನ್ನೇ ಮೈದಾನಕ್ಕೂ ತಂದರು: ಮೊದಲು ನಾಯಕನನ್ನು ಹುಡುಕು, ಓದುಗ ತಾನಾಗಿ ಬರುತ್ತಾನೆ. ನ್ಯೂಜಿಲೆಂಡಿನ ಉಮಾಗಾ, ಆಸ್ಟ್ರೇಲಿಯದ ಗ್ರೆಗನ್ ಮೊದಲಾದ ಹೆಸರಾಂತರು ಎರಡನೆಯ ದರ್ಜೆಯ ತಂಡಕ್ಕೆ ಬಂದರು. 2008ರಲ್ಲಿ ತಂಡ ಮೇಲೇರಿತು. 2009ರಲ್ಲಿ ಇಂಗ್ಲೆಂಡಿನ ಜಾನಿ ವಿಲ್ಕಿನ್ಸನ್ ಬಂದರು. 2003ರ ವಿಶ್ವಕಪ್ಪನ್ನು ತಮ್ಮ ಒಂದು ಒದೆತದಿಂದ ಗೆದ್ದುಕೊಟ್ಟವರು. ಮುಂದೆ ಗಾಯಗಳಿಂದ ವರ್ಷಗಟ್ಟಲೆ ನರಳಿದವರು.

ಆಕ್ಷೇಪಣೆ ಬರದಿರುತ್ತದೆಯೇ? "ಹಣ ಕೊಟ್ಟು ಪರದೇಶದವರನ್ನು ತುಂಬಿದರೆ ಊರ ಹುಡುಗರು ಆಡುವುದೆಲ್ಲಿ?" ಎಂಬ ಮಾತು ಎದ್ದಿತು. ಸಂಬಳಕ್ಕೊಂದು ಮಿತಿ, ಫ್ರಾನ್ಸಿನಲ್ಲೇ ಪಳಗಿದ ಆಟಗಾರರು ಇಂತಿಷ್ಟು ಇರಲೇಬೇಕೆಂಬ ಕಟ್ಟಳೆ, ಇವೆಲ್ಲ 2010ರ ಸುಮಾರಿಗೆ ಜಾರಿಗೆ ಬಂದವು. ಬುಜೆಲಾಲರ ನಾಲಿಗೆಯೂ ಸುಮ್ಮನಿರುವುದಲ್ಲ. ತೀರ್ಪುಗಾರರ ಮೇಲೆ ಹರಿಹಾಯ್ದು 2012ರಲ್ಲಿ 130 ದಿನಗಳ ನಿಷೇಧ ಹೊತ್ತರು.

ಈ ಆಕ್ಷೇಪಣೆಯನ್ನು ನಾವು ಹಗುರಾಗಿ ತಳ್ಳಿಹಾಕಲಾರೆವು. ಬೆಂಗಳೂರಿನಿಂದ ಫೋನು ಮಾಡಿದ ನಂಟರು "ಹೊರಗಿನವರು ಬಂದು ನಮ್ಮ ಹುಡುಗರಿಗೆ ಕೆಲಸವಿಲ್ಲದಾಗಿದೆ" ಎಂದಾಗ ಹೌದೆಂದು ತಲೆಯಾಡಿಸುತ್ತೇವೆ. ಅದೇ ಮಾತನ್ನು ಇಲ್ಲಿಯವರು ನಮ್ಮ ಬಗ್ಗೆ ಆಡಿದರೆ ರಾತ್ರಿ ಊಟ ರುಚಿಸುವುದಿಲ್ಲ. ಎರಡೂ ಕಡೆಯ ನೋವು ನಿಜವೇ. ಊರ ಹುಡುಗರಿಗೆ ಜಾಗ ಕಾದಿಡುವ ಕಟ್ಟಳೆ ಬೇಕು. ಬಂದವನಿಗೆ ಬಾಗಿಲೂ ಬೇಕು.

ತುಲೋನಿನಲ್ಲಿ ಬಂದವರು ಸಂಬಳವನ್ನಷ್ಟೇ ಎಣಿಸಿ ಕೂರಲಿಲ್ಲ. ವಿಲ್ಕಿನ್ಸನ್ ಫ್ರೆಂಚ್ ಕಲಿತು ಅದರಲ್ಲೇ ಮಾತನಾಡಿದರು. ತಂಡ 2013, 2014, 2015ರಲ್ಲಿ ಸತತವಾಗಿ ಯೂರೋಪಿನ ಕಪ್ಪು ಗೆದ್ದಿತು; ಅಲ್ಲಿಯವರೆಗೆ ಯಾವ ತಂಡವೂ ಸತತ ಮೂರು ಸಲ ಗೆದ್ದಿರಲಿಲ್ಲ. 2014ರಲ್ಲಿ ಕಾಸ್ತ್ರ್ ತಂಡವನ್ನು 18-10ರಿಂದ ಸೋಲಿಸಿ ಫ್ರಾನ್ಸಿನ ಚಾಂಪಿಯನ್ ಪಟ್ಟವನ್ನೂ ಪಡೆಯಿತು. 1992ರ ಬಳಿಕ ಅದೇ ಮೊದಲು. ವಿಲ್ಕಿನ್ಸನ್‌ಗೆ ಅದು ಕಡೆಯ ಪಂದ್ಯ. ಅವರ ಗೌರವಾರ್ಥವಾಗಿ ಪ್ಯಾರಿಸಿನ ಮೈದಾನದಲ್ಲಿ ಬ್ರಿಟಿಷರ ರಾಷ್ಟ್ರಗೀತೆ ಮೊಳಗಿತು. ಫ್ರೆಂಚರಿಗೂ ಇಂಗ್ಲಿಷರಿಗೂ ಇರುವ ಹಳೆಯ ಜಿದ್ದನ್ನು ಬಲ್ಲವರಿಗೆ ಇದರ ಬೆಲೆ ತಿಳಿದೀತು.

ಬುಜೆಲಾಲ್ 2011ರಲ್ಲಿ ಪ್ರಕಾಶನವನ್ನು ದೆಲ್ಕೂರ್ ಸಂಸ್ಥೆಗೆ ಮಾರಿದರು. 2020ರಲ್ಲಿ ತಂಡವನ್ನೂ ಬೇರೆಯವರ ಕೈಗೆ ಬಿಟ್ಟರು. ಒಡೆಯ ಹೋದರೂ ಆಟ ನಿಲ್ಲಲಿಲ್ಲ; 2023ರಲ್ಲಿ ತಂಡ ಯೂರೋಪಿನ ಚಾಲೆಂಜ್ ಕಪ್ ಗೆದ್ದಿತು. ಮಯೋಲ್ ಮೈದಾನದಲ್ಲಿ ಪಂದ್ಯಕ್ಕೆ ಮುಂಚೆ ಒಬ್ಬ ಘೋಷಣೆ ಹೇಳುತ್ತಾನೆ, ಸಾವಿರಾರು ಜನ "ಪಿಲೂ ಪಿಲೂ" ಎಂದು ಓಗೊಡುತ್ತಾರೆ. ಓಗೊಡುವವನ ಹುಟ್ಟೂರು ಯಾವುದೆಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ.

ಮುಂದಿನ ಸಲ ನೆರೆಮನೆಗೆ ಹೊಸಬರು ಸಾಮಾನು ಇಳಿಸುವಾಗ "ಯಾವ ಊರು?" ಎಂದು ಕೇಳುವ ಮೊದಲು "ಕಾಫಿ ಆಯಿತೇ?" ಎಂದು ಕೇಳೋಣವೇ? ನಾವು ಬಂದ ದಿನ ನಮ್ಮನ್ನೂ ಯಾರಾದರೂ ಹಾಗೆ ಕೇಳಿದ್ದರೆ, ಅವರ ಮುಖ ನಮಗೆ ಇಂದಿಗೂ ನೆನಪಿರುತ್ತದೆ.