ಮೊಣಕಾಲಿನ ಆಪರೇಷನ್ನು, ಆಮ್ಯಾಲಿನ ಆರು ವಾರ

ನಮ್ಮ ವಾರಿಗಿ ಹೆಣ್ಣಮಕ್ಕಳು ನಾಕು ಮಂದಿ ಕೂಡಿದ್ರ ಸಾಕು, ಮಾತು ಮೊಣಕಾಲಿಗೇ ಬಂದು ನಿಂದರ್ತದ. ಮೊದಲ ಅರಿಷಿಣ-ಕುಂಕುಮಕ್ಕ ಕರದ್ರ ಚಾಪಿ ಹಾಸ್ತಿದ್ವಿ, ಈಗ ಖುರ್ಚಿ ಎಷ್ಟ ಅವ ಅಂತ ಎಣಸಬೇಕು. ಆಪರೇಷನ್ ಮಾಡಿಸ್ಕೊಳ್ಳಲೇನ ಅಂತ ಕೇಳಿದ್ರ ಒಬ್ಬರು "ಮಾಡಿಸ್ಕೋರಿ, ಕುಣದಾಡ್ತೀರಿ" ಅಂತಾರ, ಇನ್ನೊಬ್ಬರು "ಬ್ಯಾಡವಾ, ಇದ್ದದ್ದೂ ಹೋಗ್ತದ" ಅಂತಾರ. ನನಗ ಕೇಳಿದ್ರ ಎರಡೂ ಅರ್ಧರ್ಧ ಮಾತು. ಆಪರೇಷನ್ನಿನ ಅರ್ಧಾ ಫಲ ದವಾಖಾನಿಯೊಳಗ ತೀರ್ಮಾನ ಆಗ್ತದ, ಉಳದರ್ಧ ನಮ್ಮ ಮನಿಯೊಳಗ.

ಕಾಲು ಪೂರಾ ತಗದು ಬದಲಿ ಮಾಡ್ತಾರಂತ ಹೆದರಬ್ಯಾಡ್ರಿ. ಸವದ ಎಲವಿನ ತುದಿ ಕೆಲವು ಮಿಲಿಮೀಟರ್ ಕತ್ತರಿಸಿ, ಮ್ಯಾಲೊಂದು ಕೆಳಗೊಂದು ಲೋಹದ ಭಾಗ ಕೂಡಿಸಿ, ನಡುವ ಗಟ್ಟಿ ಪ್ಲಾಸ್ಟಿಕ್ ಇಡ್ತಾರ. ವಾಜಪೇಯಿಯವರು ಪ್ರಧಾನಿ ಇದ್ದಾಗ 2000ದಾಗ ಮುಂಬೈಯೊಳಗ ಒಂದು ಮೊಣಕಾಲು ಮಾಡಿಸ್ಕೊಂಡ್ರು, ಮರುವರ್ಷ ಇನ್ನೊಂದು. ನಮ್ಮ ಮನಿಯೊಳಗ ಈ ಆಪರೇಷನ್ ಹೆಸರು ಕೇಳಿದ್ದು ಆವಾಗನ. 2017ರ ಆಗಸ್ಟ್‌ನ್ಯಾಗ ಕೇಂದ್ರ ಸರಕಾರ ಈ ಕೃತಕ ಕೀಲಿಗೆ ಗರಿಷ್ಠ ಬೆಲಿ ಹಾಕಿತು. ಹೆಚ್ಚು ಬಳಸೂ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆವಾಗ ಜಿಎಸ್‌ಟಿ ಬಿಟ್ಟು 54,720 ರೂಪಾಯಿ. ಅದಕ್ಕ ಬಿಲ್ಲಿನ್ಯಾಗ ಕೀಲಿನ ರೊಕ್ಕ ಬ್ಯಾರೆ, ಉಳದ ಖರ್ಚು ಬ್ಯಾರೆ ಬರದು ಕೊಡ್ರಿ ಅಂತ ಕೇಳ್ರಿ. ನಾಚಗೋಬ್ಯಾಡ್ರಿ.

ಎಷ್ಟ ವರ್ಷ ಬಾಳಿಕಿ ಬರ್ತದ? 2019ರಾಗ ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕಾದಾಗ ಬಂದ ಲೆಕ್ಕದ ಪ್ರಕಾರ, 100 ಮೊಣಕಾಲಿನೊಳಗ ಸುಮಾರು 82, ಟೊಂಕದ ಕೀಲಾದ್ರ ಸುಮಾರು 58, 25 ವರ್ಷ ಬಾಳತಾವ. ಇಷ್ಟ ಛಲೋ ಇದ್ದರೂ, ಮೊಣಕಾಲು ಮಾಡಿಸ್ಕೊಂಡ ಐದು ಮಂದಿಯೊಳಗ ಒಬ್ಬರಿಗೆ ಪೂರಾ ಸಮಾಧಾನ ಇರೂದಿಲ್ಲ. ಮೊದಲಿನಂಗ ಮಣಿ ಮ್ಯಾಲೆ ಕೂತು ರೊಟ್ಟಿ ಬಡಿಯೂದು, ಮೊಣಕಾಲೂರಿ ನೆಲಾ ಒರಸೂದು ಭಾಳ ಮಂದಿಗೆ ಆಗೂದಿಲ್ಲ. ಗಾಯದ ಪಕ್ಕದ ಚರ್ಮ ಜೋಮು ಹಿಡದಂಗ ಉಳೀತದ. ಇದನ್ನ ಮೊದಲ ತಿಳಕೊಂಡು ಹೋದಾಕಿ ಆಮ್ಯಾಲೆ ಅಳೂದಿಲ್ಲ.

ತ್ರಾಸಿನ ಮಾತೂ ಹೇಳಬೇಕು. ನೂರರೊಳಗ ಒಬ್ಬಿಬ್ಬರಿಗೆ ಕೀಲಿನೊಳಗ ಸೋಂಕು ಆಗ್ತದ. ಸಕ್ಕರಿ ರೋಗ ಹತೋಟಿಯೊಳಗ ಇರಲಾರದವರಿಗೆ ಆ ಭಯ ಹೆಚ್ಚು, ಹಿಂಗಾಗಿ ಮೊದಲ ಸಕ್ಕರಿ ಇಳಿಸ್ಕೋಬೇಕು, ಹುಳುಕ ಹಲ್ಲಿದ್ರ ತೋರಿಸ್ಕೋಬೇಕು. ಮೀನಖಂಡ ಬಾತು ನೋವಾದ್ರ ರಕ್ತ ಹೆಪ್ಪುಗಟ್ಟಿರಬಹುದು. ಉಸರು ಕಟ್ಟಿದಂಗಾದ್ರ ಮುಂಜಾನಿ ತನಕ ಕಾಯಬಾರದು, ಆ ಕ್ಷಣಾನ ದವಾಖಾನಿಗೆ ಓಡಬೇಕು. ಗಾಯದಾಗ ಕೀವು, ಜ್ವರ ಬಂದ್ರ ಅರಿಷಿಣ ಹಚ್ಚಿಕೋತ ಕೂಡೂದಲ್ಲ, ಸರ್ಜನ್‌ಗೆ ತೋರಸಬೇಕು.

ಇನ್ನೊಂದು ತ್ರಾಸು, ಕಾಲು ಬಿರುಸಾಗೂದು. ನಮ್ಮ ವೈನಿ ಆಪರೇಷನ್ ಆದ ಮರುದಿನ ವಾಕರ್ ಹಿಡದು ನಿಂತ್ರು. ಅಣ್ಣ ಅಡಗಿಗೆ ಒಬ್ಬಾಕಿನ್ನ ಹಚ್ಚಿ, ದಿನಾ ಮೂರು ಸಲ ತಾನ ಮುಂದ ಕೂತು ವ್ಯಾಯಾಮ ಮಾಡಸ್ತಿದ್ದ. ವೈನಿ ಅತ್ತರೂ ಬಿಡಲಿಲ್ಲ. ಈಗ ಗುಡಿಗೆ ನಡಕೋತ ಹೋಗ್ತಾರ. ನಮ್ಮ ಓಣಿಯ ಕಾಕುಗೂ ಅದ ಆಪರೇಷನ್, ಅಂಥಾದ್ದ ಕೀಲು. ಹದಿನೈದನೇ ದಿನಕ್ಕ ಶ್ರಾವಣ ಬಂತು, ಹಬ್ಬದ ಅಡಗಿ ಯಾರು ಮಾಡಬೇಕು? ಕಾಕುನ ಒಲಿ ಮುಂದ ನಿಂತ್ರು. ಫಿಜಿಯೋಥೆರಪಿಯವರು ಮನಿಗೆ ಬರೂದು ದಂಡ ಅಂತ ಮಗಾ ಬಿಡಿಸಿದ. ಎರಡು ತಿಂಗಳಿಗೆ ಕಾಲು ಬಗ್ಗದಂಗಾತು, ಕಡೀಕ ಮಂಪರು ಕೊಟ್ಟು ಬಗ್ಗಿಸಬೇಕಾತು. ಮನಿಯವರು ಎಲ್ಲಾರ ಮುಂದೂ "ಆಪರೇಷನ್ ಕೆಟ್ಟಿತು" ಅಂತನ ಹೇಳ್ತಾರ.

ಎಷ್ಟ ಮಾಡಿದ್ರೂ ಬಿರುಸಾಗೂ ಕಾಲು ಇರ್ತಾವ, ಅದು ಖರೇ. ಆದ್ರ ಲಕ್ಷಗಟ್ಟಲೆ ಕೊಟ್ಟ ಮನಿ, ಆರು ವಾರ ಆಕಿನ್ನ ಅಡಗಿ ಮನಿಯಿಂದ ದೂರ ಇಡಲಿಕ್ಕೆ ಒಲ್ಲೆ ಅಂದ್ರ ಹೆಂಗ್ರಿ? ಗಂಡಸರಿಗೆ ಇದ ಆಪರೇಷನ್ ಆದ್ರ ಹಾಸಿಗಿ ಮುಂದ ಚಹಾ, ತಾಟು, ಬಿಸಿನೀರು ಎಲ್ಲಾ ಬರ್ತದ. ನಾವೂ ಕಡಿಮಿಲ್ಲ, "ನಾ ಎದ್ದು ಮಾಡತೇನಿ ಬಿಡು" ಅಂತ ದೊಡ್ಡಸ್ತಿಕಿ ತೋರಸ್ತೇವಿ. ಅದು ತ್ಯಾಗ ಅಲ್ಲ, ಹಾಕಿದ ರೊಕ್ಕಾ ಪಟ್ಟ ನೋವು ಎರಡೂ ನೀರಾಗ ಹಾಕಿದಂಗ.

ಅದಕ್ಕ ನನ್ನ ಅಕ್ಕ-ತಂಗೇರ, ತಾರೀಖು ಗೊತ್ತು ಮಾಡೂಕಿಂತ ಮೊದಲ ಮಗಾ, ಸೊಸಿ, ಯಜಮಾನರು ಎಲ್ಲಾರನ್ನೂ ಕೂಡಿಸ್ಕೋರಿ. ಯಾವ ದವಾಖಾನಿ, ಯಾವ ಡಾಕ್ಟರ್ ಅನ್ನೂದು ಆಮ್ಯಾಲೆ. ಆರು ವಾರ ಈ ಮನಿಯೊಳಗ ರೊಟ್ಟಿ ಯಾರು ಬಡೀತಾರ ಅನ್ನೂದು ಮೊದಲ ತೀರ್ಮಾನ ಆಗಲಿ.