ಪೆಟ್ಟಿಗೆಯ ದುಂಬಿ, ಬೆಟ್ಟದ ದುಂಬಿ

ಟೊಮೆಟೊ ಹೂವಿನಲ್ಲಿ ಜೇನುನೊಣಕ್ಕೆ ಹೆಚ್ಚು ಕೆಲಸವಿಲ್ಲ. ಅದರಲ್ಲಿ ಮಕರಂದವಿಲ್ಲ, ಪರಾಗವೂ ಹೊರಗೆ ಕಾಣುವುದಿಲ್ಲ. ಕೇಸರಗಳು ಒಂದಕ್ಕೊಂದು ಕೂಡಿಕೊಂಡು ಹಳದಿ ಕೊಳವೆಯಾಗಿ ಪರಾಗವನ್ನು ಒಳಗೇ ಬಚ್ಚಿಟ್ಟುಕೊಂಡಿರುತ್ತವೆ. ಬಂಬಲ್‌ಬೀ ಎಂಬ ದಪ್ಪ ಮೈಯ, ಮೈತುಂಬ ರೋಮದ ದುಂಬಿ ಆ ಕೊಳವೆಯನ್ನು ದವಡೆಯಲ್ಲಿ ಕಚ್ಚಿ ಹಿಡಿದು, ರೆಕ್ಕೆ ಬೀಸದೆಯೇ ಹಾರಾಟದ ಸ್ನಾಯುಗಳನ್ನು ಸೆಕೆಂಡಿಗೆ ನೂರಾರು ಸಲ ಅದುರಿಸುತ್ತದೆ. ಉಪ್ಪಿನ ಡಬ್ಬಿ ಕೊಡವಿದಂತೆ ಪರಾಗ ಉದುರುತ್ತದೆ. ಬಯಲಿನ ಬೆಳೆಗೆ ಗಾಳಿಯೇ ಅಷ್ಟಿಷ್ಟು ಈ ಕೆಲಸ ಮಾಡಿಕೊಡುತ್ತದೆ. ಗಾಜಿನ ಮನೆಯೊಳಗೆ ಗಾಳಿ ಬೀಸುವುದಿಲ್ಲವಾದ್ದರಿಂದ, ಯುರೋಪಿನ ಹಸಿರುಮನೆಗಳಲ್ಲಿ ಕೆಲಸಗಾರರು ಅದುರುವ ವಿದ್ಯುತ್ ಕಡ್ಡಿ ಹಿಡಿದು ಗೊಂಚಲು ಗೊಂಚಲಿಗೂ ತಾಗಿಸುತ್ತ ಸಾಲುಗಳ ನಡುವೆ ನಡೆಯಬೇಕಾಗಿತ್ತು.

ಈ ದುಡಿಮೆಯನ್ನು ಬಂಬಲ್‌ಬೀಗೆ ಒಪ್ಪಿಸಬಹುದೆಂದು 1985ರಲ್ಲಿ ಕಂಡುಕೊಂಡವರು ಬೆಲ್ಜಿಯಂನ ಪಶುವೈದ್ಯ ರೋಲಂಡ್ ದ ಯೊಂಗ. ಎರಡು ವರ್ಷದಲ್ಲಿ ಅವರು ಬಯೋಬೆಸ್ಟ್ ಎಂಬ ಕಂಪನಿ ಕಟ್ಟಿದರು. ರಾಣಿಯೂ ಕೆಲಸಗಾರ ನೊಣಗಳೂ ಇರುವ ಗೂಡು ಪೆಟ್ಟಿಗೆಯಲ್ಲಿ ಕೂತು ದೇಶದಿಂದ ದೇಶಕ್ಕೆ ಹೋಗತೊಡಗಿತು. ಇದರಿಂದಾದ ಒಳಿತನ್ನು ಮರೆಮಾಚುವುದು ನ್ಯಾಯವಲ್ಲ. ಫಸಲು ಸುಧಾರಿಸಿತು, ಕೂಲಿಯ ಖರ್ಚು ಇಳಿಯಿತು. ಒಳಗೆ ದುಂಬಿ ಹಾರುತ್ತಿದೆ ಎಂಬ ಒಂದೇ ಕಾರಣಕ್ಕೆ ಬೆಳೆಗಾರರು ಕೀಟನಾಶಕ ಸಿಂಪಡಿಸಲು ಹಿಂದೆಮುಂದೆ ನೋಡುವಂತಾಯಿತು. ತಿನ್ನುವವರಿಗೂ ಅದು ಲಾಭವೇ.

ಆದರೆ ಪೆಟ್ಟಿಗೆ ಒಂದು ತಪ್ಪು ನಂಬಿಕೆಯನ್ನೂ ಹೊತ್ತು ತಂದಿತು. ಪರಾಗಸ್ಪರ್ಶವೆಂದರೆ ಗೊಬ್ಬರದ ಚೀಲದಂತೆ ಬೇಕಾದಾಗ, ಬೇಕಾದಷ್ಟು ತರಿಸಿಕೊಳ್ಳುವ ಸರಕು. ಒಳ್ಳೆಯ ಕೆಲಸಗಾರ ಪ್ರಭೇದ ಒಂದಿದ್ದರೆ ಬೇಲಿಯಾಚೆಯ ಉಳಿದವು ಇದ್ದರೂ ಅಷ್ಟೆ, ಹೋದರೂ ಅಷ್ಟೆ ಎಂಬ ನಂಬಿಕೆ ಅದು. ಕಳೆದ ಮೂರು ದಶಕಗಳ ಸಂಶೋಧನೆಯನ್ನು ಓದಿಕೊಂಡು ಬಂದರೆ ಈ ನಂಬಿಕೆ ನಿಲ್ಲುವುದಿಲ್ಲ.

ದಕ್ಷಿಣ ಅಮೆರಿಕದ ತುದಿಯಲ್ಲಿ, ಪೆಟಗೋನಿಯಾದ ಕಾಡುಗಳಲ್ಲಿ, ಕಿತ್ತಳೆ ಬಣ್ಣದ ಭಾರೀ ಬಂಬಲ್‌ಬೀ ಒಂದಿದೆ. ಹೆಸರು ಬೊಂಬಸ್ ಡಾಲ್‌ಬೋಮಿ. ಜಗತ್ತಿನ ಅತಿ ದೊಡ್ಡ ಬಂಬಲ್‌ಬೀಗಳಲ್ಲೊಂದು, ಮತ್ತು ಆ ಪ್ರದೇಶಕ್ಕೆ ಸ್ವಂತದ್ದೆಂಬುದು ಇದೊಂದೇ. ಹೂವಿನಂಗಡಿಗಳಲ್ಲಿ ಕಾಣುವ ಆಲ್‌ಸ್ಟ್ರೋಮೇರಿಯಾದ ಕಾಡು ಬಂಧುಗಳು ಕಾಯಿ ಕಟ್ಟಲು ಇದನ್ನು ನೆಚ್ಚಿಕೊಂಡಿದ್ದವು. 1990ರ ದಶಕದ ಕೊನೆಯಲ್ಲಿ ಚಿಲಿ ದೇಶವು ಬೆಳೆಗಳ ಪರಾಗಸ್ಪರ್ಶಕ್ಕೆಂದು ಯುರೋಪಿನ ಬೊಂಬಸ್ ಟೆರೆಸ್ಟ್ರಿಸ್ ಗೂಡುಗಳನ್ನು ಆಮದು ಮಾಡಿಕೊಂಡಿತು. ಅರ್ಜೆಂಟೀನಾ ಅದನ್ನು ಕೇಳಿರಲೂ ಇಲ್ಲ, ತರಿಸಿರಲೂ ಇಲ್ಲ. ದುಂಬಿಗೆ ಗಡಿಯ ಹಂಗಿದೆಯೇ? ಆಂಡೀಸ್ ಪರ್ವತದ ಕಣಿವೆಗಳನ್ನು ಹಾದು 2006ರಲ್ಲಿ ಅದು ಆಚೆ ಬದಿಯಲ್ಲಿ ಕಾಣಿಸಿಕೊಂಡಿತು. ವರ್ಷಕ್ಕೆ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಹಬ್ಬುತ್ತ ಹೋಯಿತು. ಅದು ನೆಲೆಯೂರಿದ ಎಷ್ಟೋ ಕಡೆ ಕಿತ್ತಳೆ ದುಂಬಿ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು.

ಹೊಸ ದುಂಬಿ ಒಂಟಿಯಾಗಿ ಬಂದಿರಲಿಲ್ಲ. ಎಪಿಸಿಸ್ಟಿಸ್ ಬೊಂಬಿ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಆ ಭಾಗದ ದುಂಬಿಗಳಲ್ಲಿ ಕಾಣಿಸಿದ್ದು ಈ ವಲಸೆಯ ನಂತರವೇ ಎಂದು ಅರ್ಜೆಂಟೀನಾದ ವಿಜ್ಞಾನಿಗಳು ತೋರಿಸಿದರು. ನನ್ನನ್ನು ಹೆಚ್ಚು ಕಾಡುವುದು ಅವರದೇ ಇನ್ನೊಂದು ಅಧ್ಯಯನ. ಅಲ್ಲಿನ ರಾಸ್ಪ್‌ಬೆರಿ ತೋಟಗಳಲ್ಲಿ ಈ ದುಂಬಿಗಳ ಸಂಖ್ಯೆ ಎಷ್ಟು ಮಿತಿಮೀರಿತೆಂದರೆ, ಒಂದೇ ಹೂವಿನ ಮೇಲೆ ದಿನವಿಡೀ ಸಾಲುಗಟ್ಟಿ ಕೂತು ಎದ್ದು ಶಲಾಕೆಗಳನ್ನೇ ಮುರಿದುಹಾಕುತ್ತಿದ್ದವು. ಶಲಾಕೆ ಮುರಿದರೆ ಹಣ್ಣಿನ ಕಾಳು ಕೂಡುವುದಿಲ್ಲ. ಬೆಳೆಗೆ ನೆರವಾಗಲೆಂದು ತಂದ ಜೀವಿಯಿಂದಲೇ ಬೆಳೆಗೆ ಪೆಟ್ಟು ಬಿತ್ತು. ಹೆಚ್ಚು ದುಂಬಿ ಇದ್ದರೆ ಹೆಚ್ಚು ಫಸಲು ಎಂಬ ಲೆಕ್ಕ ಅಲ್ಲಿಗೇ ಬಿದ್ದುಹೋಯಿತು.

ಉತ್ತರ ಅಮೆರಿಕದ ಕಥೆ ಇಷ್ಟು ಸರಳವಲ್ಲ. ಅದಕ್ಕೇ ಅದನ್ನು ಎಚ್ಚರದಿಂದ ಹೇಳಬೇಕು. ಆರೆಗಾನ್ ರಾಜ್ಯದ ದಕ್ಷಿಣ ಮತ್ತು ಕ್ಯಾಲಿಫೋರ್ನಿಯಾದ ಉತ್ತರ ಸೇರುವ ಕಿರಿದಾದ ನೆಲದಲ್ಲಿ ಮಾತ್ರ ಇದ್ದ ಫ್ರಾಂಕ್ಲಿನ್ ಬಂಬಲ್‌ಬೀಯನ್ನು ಕೀಟವಿಜ್ಞಾನಿ ರಾಬಿನ್ ಥಾರ್ಪ್ ವರ್ಷ ವರ್ಷವೂ ಹುಡುಕುತ್ತಿದ್ದರು. 2006ರಲ್ಲಿ ಮೌಂಟ್ ಆಶ್‌ಲ್ಯಾಂಡ್‌ನಲ್ಲಿ ಅವರಿಗೆ ಒಂದು ಕಂಡಿತು. ಆಮೇಲೆ ಯಾರಿಗೂ ಕಂಡಿಲ್ಲ. 2019ರಲ್ಲಿ ಥಾರ್ಪ್ ತೀರಿಕೊಂಡರು. 2021ರಲ್ಲಿ ಅಮೆರಿಕ ಸರ್ಕಾರ ಆ ದುಂಬಿಯನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಥಾರ್ಪ್ ಅವರ ಅನುಮಾನವಿದ್ದದ್ದು ಪೆಟ್ಟಿಗೆಗಳ ಮೇಲೆ: 1990ರ ದಶಕದ ಆರಂಭದಲ್ಲಿ ಅಮೆರಿಕದ ರಾಣಿದುಂಬಿಗಳನ್ನು ಸಾಕಣೆಗೆಂದು ಯುರೋಪಿಗೆ ಕಳಿಸಿ, ಗೂಡುಗಳನ್ನು ವಾಪಸು ತರಿಸಿಕೊಂಡಾಗ ಜೊತೆಗೆ ನೊಸೀಮಾ ಎಂಬ ರೋಗಾಣುವೂ ಬಂದಿರಬೇಕು ಎಂದು. 2011ರಲ್ಲಿ ಸಿಡ್ನಿ ಕ್ಯಾಮರನ್ ಮತ್ತು ಸಂಗಡಿಗರು ನಾಲ್ಕು ಪ್ರಭೇದಗಳು ತೀವ್ರವಾಗಿ ಕುಸಿದಿವೆ, ಅವುಗಳ ಮೈಯಲ್ಲಿ ನೊಸೀಮಾ ಹೆಚ್ಚಾಗಿದೆ ಎಂದು ತೋರಿಸಿದರು. ಅವರು ಅಲ್ಲಿಗೆ ನಿಲ್ಲಲಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಸೂಜಿ ಚುಚ್ಚಿ ಇಟ್ಟಿದ್ದ ಹಳೆಯ ದುಂಬಿಗಳನ್ನು ಪರೀಕ್ಷಿಸಿದಾಗ, 1990ರ ದಶಕದ ನಡುವಿನಲ್ಲಿ ಸೋಂಕು ಏರಿದ್ದು ನಿಜ, ಆದರೆ ರೋಗಾಣು ಹೊರಗಿನದೇ ಎಂಬುದಕ್ಕೆ ಸಾಕ್ಷಿ ಸಿಗಲಿಲ್ಲ ಎಂದು 2016ರಲ್ಲಿ ಅವರೇ ಬರೆದರು. ತಮ್ಮ ವಾದಕ್ಕೆ ಅನುಕೂಲವಾಗದ ಫಲಿತಾಂಶವನ್ನು ಹೀಗೆ ಎತ್ತಿ ಹೇಳುವ ವಿಜ್ಞಾನವನ್ನು ನಾನು ಗೌರವಿಸುತ್ತೇನೆ.

ಇದರಿಂದ ಪೆಟ್ಟಿಗೆಗಳು ನಿರ್ದೋಷಿಯಾಗುವುದಿಲ್ಲ. 2013ರಲ್ಲಿ ಬ್ರಿಟನ್ನಿನ ಸಂಶೋಧಕರು ಯುರೋಪಿನ ಮೂರು ಉತ್ಪಾದಕರಿಂದ 48 ಗೂಡುಗಳನ್ನು ಕೊಂಡು ಪರೀಕ್ಷಿಸಿದರು. ರೋಗಮುಕ್ತವೆಂದು ಮಾರಿದ್ದ ಅವುಗಳಲ್ಲಿ ನೂರಕ್ಕೆ 77ರಲ್ಲಿ ಪರಾವಲಂಬಿಗಳಿದ್ದವು. ಕೆನಡಾದ ಹಸಿರುಮನೆಗಳ ಸುತ್ತಮುತ್ತಲ ಕಾಡುದುಂಬಿಗಳಲ್ಲಿ, ದೂರದವಕ್ಕಿಂತ ಸೋಂಕು ಹೆಚ್ಚಿದ್ದುದೂ ದಾಖಲಾಗಿದೆ. ಕಿಂಡಿ ಇರುವ ಮನೆಯಿಂದ ದುಂಬಿ ಹೊರಗೆ ಹೋಗುತ್ತದೆ. ಒಳಗಿನದೂ ಹೊರಗಿನದೂ ಒಂದೇ ಹೂವಿನ ಮೇಲೆ ಕೂರುತ್ತವೆ.

ಬಂಬಲ್‌ಬೀಗಳ ಬದುಕೇ ಇಂಥ ಪೆಟ್ಟನ್ನು ತಡೆದುಕೊಳ್ಳುವಂಥದ್ದಲ್ಲ. ಜೇನುಗೂಡಿನಂತೆ ಇವುಗಳ ಗೂಡು ವರ್ಷಗಟ್ಟಲೆ ಬಾಳುವುದಿಲ್ಲ. ತಂಪು ದೇಶಗಳಲ್ಲಿ ಚಳಿಗಾಲಕ್ಕೆ ಮೊದಲು ಗೂಡೆಲ್ಲ ಸತ್ತು, ಗರ್ಭ ಧರಿಸಿದ ಹೊಸ ರಾಣಿಗಳಷ್ಟೇ ನೆಲದೊಳಗೆ ಮಲಗಿ ಉಳಿಯುತ್ತವೆ. ವಸಂತದಲ್ಲಿ ಒಂದು ರಾಣಿ ಸತ್ತರೆ ಒಂದು ಗೂಡೇ ಹೋದಂತೆ. ಹಾಗಾಗಿಯೇ, ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕದ ಅಲ್ಪ ಪ್ರಮಾಣವೂ ಹೊಸ ರಾಣಿಗಳ ಸಂಖ್ಯೆಯನ್ನು ನೂರಕ್ಕೆ 85ರಷ್ಟು ಇಳಿಸಿತೆಂದು 2012ರಲ್ಲಿ ಪ್ರಕಟವಾದ ಪ್ರಯೋಗ ಅಷ್ಟು ದೊಡ್ಡ ಸುದ್ದಿಯಾಯಿತು. 2018ರಲ್ಲಿ ಯುರೋಪಿಯನ್ ಒಕ್ಕೂಟ ಆ ಗುಂಪಿನ ಮೂರು ಕೀಟನಾಶಕಗಳನ್ನು ಬಯಲಿನಲ್ಲಿ ಬಳಸದಂತೆ ನಿಷೇಧಿಸಿತು.

ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಗಟ್ಟಿ ಆಕ್ಷೇಪ ಉಳಿಯುತ್ತದೆ. ಡಚ್ ಪರಿಸರ ವಿಜ್ಞಾನಿ ಡೇವಿಡ್ ಕ್ಲೈನ್ ಮತ್ತು ಅನೇಕ ದೇಶಗಳ ಸಂಶೋಧಕರು 2015ರಲ್ಲಿ ಸಾವಿರಕ್ಕೂ ಹೆಚ್ಚು ಹೊಲಗಳ ಮಾಹಿತಿ ಕಲೆಹಾಕಿದರು. ಕಾಡುಜೇನು, ದುಂಬಿಗಳಿಂದ ಬೆಳೆಗೆ ಸಿಗುವ ಲಾಭ ಸಾಕಿದ ಜೇನಿಗೆ ಸರಿಸಮನಾಗಿದೆ ಎಂದು ಕಂಡಿತು. ಜೊತೆಗೇ ಇನ್ನೊಂದೂ ಕಂಡಿತು: ಬೆಳೆಯ ಹೂವಿಗೆ ಬರುವ ಭೇಟಿಗಳಲ್ಲಿ ಸುಮಾರು ನೂರಕ್ಕೆ 80ರಷ್ಟು, ಕೇವಲ ನೂರಕ್ಕೆ ಎರಡು ಪ್ರಭೇದಗಳದ್ದು. ಅವು ಹೆಚ್ಚಾಗಿ ಸಾಮಾನ್ಯ, ಗಟ್ಟಿ ಜೀವಿಗಳು. ಹಾಗಿದ್ದರೆ ಅಪರೂಪದವು ಯಾಕೆ ಬೇಕು? ಬೆಳೆಯ ಲಾಭವನ್ನಷ್ಟೇ ತೋರಿಸಿ ವೈವಿಧ್ಯ ಉಳಿಸಲು ಹೊರಟರೆ ಬಹುಪಾಲು ಪ್ರಭೇದಗಳು ಕೈಬಿಟ್ಟುಹೋಗುತ್ತವೆ ಎಂದು ಆ ಸಂಶೋಧಕರೇ ಎಚ್ಚರಿಸಿದರು.

ಇದಕ್ಕೆ ಅರ್ಧ ಉತ್ತರ ಕೊಲೊರಾಡೊದ ಬೆಟ್ಟಗಳಲ್ಲಿದೆ. ಬೆರಿ ಬ್ರೋಸಿ ಮತ್ತು ಹೆದರ್ ಬ್ರಿಗ್ಸ್ ಹೂಬಿಟ್ಟ ಹುಲ್ಲುಗಾವಲಿನ ತುಂಡುಗಳಲ್ಲಿ, ಅತಿ ಹೆಚ್ಚಾಗಿದ್ದ ಒಂದೇ ಒಂದು ಬಂಬಲ್‌ಬೀ ಪ್ರಭೇದವನ್ನು ಬಲೆಯಿಂದ ಹಿಡಿದು ಹೊರಗಿಟ್ಟರು. ಉಳಿದ ಪ್ರಭೇದಗಳು ಅಲ್ಲೇ ಇದ್ದವು, ಹೂವಿಗೆ ಬರುತ್ತಲೂ ಇದ್ದವು. ಆದರೆ ಪೈಪೋಟಿ ತಗ್ಗಿದ್ದರಿಂದ ಅವು ಒಂದೇ ಜಾತಿಯ ಹೂವಿಗೆ ಅಂಟಿಕೊಳ್ಳದೆ ಸಿಕ್ಕಸಿಕ್ಕ ಹೂವಿಗೆ ಅಲೆದವು, ಒಂದರ ಪರಾಗವನ್ನು ಇನ್ನೊಂದಕ್ಕೆ ಹಚ್ಚಿದವು. ಲಾರ್ಕ್‌ಸ್ಪರ್ ಗಿಡದಲ್ಲಿ ಬೀಜ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಹೂವಿಗೆ ಭೇಟಿ ಕೊಟ್ಟ ನೊಣವನ್ನು ಎಣಿಸಿದರೆ ಈ ನಷ್ಟ ಕಾಣುವುದೇ ಇಲ್ಲ. ಒಂದು ಪ್ರಭೇದದ ಕೆಲಸವೆಂದರೆ ಅದು ತಾನೇ ಮಾಡುವುದಷ್ಟೇ ಅಲ್ಲ, ಇತರರನ್ನು ಅವರವರ ಕೆಲಸದಲ್ಲಿ ನಿಲ್ಲಿಸುವುದೂ ಹೌದು. ಇನ್ನು, ಒಂದು ಹೊಲಕ್ಕೆ ಕೆಲವೇ ಪ್ರಭೇದಗಳು ಸಾಕಾದರೂ, ಇಡೀ ಸೀಮೆಯ ಹೊಲಗಳಿಗೆ ಲೆಕ್ಕ ಹಾಕಿದರೆ ಅದರ ಹಲವು ಪಟ್ಟು ಬೇಕಾಗುತ್ತವೆ ಎಂದು ರೇಚಲ್ ವಿನ್‌ಫ್ರೀ ತಂಡ 2018ರಲ್ಲಿ ತೋರಿಸಿದೆ.

ಉಳಿದರ್ಧ ಉತ್ತರವನ್ನು ವಿಜ್ಞಾನ ಕೊಡಲಾರದು, ನಾವೇ ಕೊಡಬೇಕು. ಫ್ರಾಂಕ್ಲಿನ್ ದುಂಬಿ ಇಲ್ಲವಾದ್ದರಿಂದ ಯಾರ ಸಂತೆಯಲ್ಲೂ ತರಕಾರಿ ತುಟ್ಟಿಯಾಗಲಿಲ್ಲ. ಆದರೂ ಅದು ಹೋದದ್ದು ನಷ್ಟವೇ. ಕೂಲಿ ದುಡಿದವರಿಗಷ್ಟೇ ಬದುಕುವ ಹಕ್ಕು ಎಂಬ ಮಾತನ್ನು ಮನುಷ್ಯರ ವಿಷಯದಲ್ಲಿ ಒಪ್ಪದ ನಾವು ದುಂಬಿಯ ವಿಷಯದಲ್ಲೂ ಒಪ್ಪಬಾರದು.

ಹಾಗೆಂದು ಪೆಟ್ಟಿಗೆಯನ್ನೇ ಬಿಸಾಡಬೇಕಿಲ್ಲ. ಅದರೊಳಗೆ ಯಾರಿದ್ದಾರೆ, ಎಲ್ಲಿಂದ ಬಂದಿದ್ದಾರೆ ಎಂದು ಕೇಳಬೇಕು. ಯುರೋಪಿನ ದುಂಬಿ ಹೊಕ್ಕೈಡೊ ದ್ವೀಪದಲ್ಲಿ ಕಾಡು ಸೇರಿದ್ದನ್ನು ಕಂಡ ಜಪಾನ್ 2006ರಲ್ಲಿ ಅದರ ಬಳಕೆಗೆ ಬಿಗಿ ನಿಯಮ ತಂದು, ತನ್ನದೇ ಪ್ರಭೇದವನ್ನು ಸಾಕುವತ್ತ ಹೊರಳಿತು. ಆಸ್ಟ್ರೇಲಿಯಾ 2008ರಲ್ಲಿ ಬೆಳೆಗಾರರ ಆಮದಿನ ಬೇಡಿಕೆಯನ್ನು ತಿರಸ್ಕರಿಸಿತು. ನಮ್ಮ ದೇಶದಲ್ಲಿ ಬಂಬಲ್‌ಬೀಗಳಿರುವುದು ಹಿಮಾಲಯದಲ್ಲಿ, ಸುಮಾರು 50 ಪ್ರಭೇದಗಳು. ಸಿಕ್ಕಿಮಿನ ದೊಡ್ಡ ಏಲಕ್ಕಿಗೆ ಅವೇ ಆಧಾರ. ಹಿಮಾಚಲದ ಸೋಲನ್ ಬಳಿಯ ನೌಣಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಸಿರುಮನೆಯ ಬೆಳೆಗಾಗಿ ಸ್ಥಳೀಯ ಪ್ರಭೇದವನ್ನೇ ಸಾಕಲು ದುಡಿದಿದ್ದಾರೆ.

ಕರ್ನಾಟಕದಲ್ಲಿ ಬಂಬಲ್‌ಬೀ ಇಲ್ಲ. ಆದರೆ ಹೂವನ್ನು ಅದುರಿಸಿ ಪರಾಗ ಉದುರಿಸಬಲ್ಲ ಮರ ಕೊರೆಯುವ ಕಪ್ಪು ದುಂಬಿಯೂ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯಿರುವ ಕಾಡುನೊಣವೂ ನಮ್ಮ ಬದನೆ, ಟೊಮೆಟೊ ಹೊಲಗಳಲ್ಲೇ ಇವೆ. ರೋಗ ಹೇಗೆ ಊರೂರು ಹಬ್ಬುತ್ತದೆಂಬುದೂ ನಮಗೆ ಗೊತ್ತು: 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಕೊಡಗು, ದಕ್ಷಿಣ ಕನ್ನಡ, ಮಲೆನಾಡಿನ ತುಡುವೆ ಜೇನಿನ ಪೆಟ್ಟಿಗೆಗಳನ್ನು ಬರಿದು ಮಾಡಿತ್ತು. ಪಾಲಿಹೌಸ್ ಕಟ್ಟುವ ರೈತರೂ, ಅವರಿಗೆ ಸಲಹೆ ಕೊಡುವ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳೂ ಹೊರಗಿನ ದುಂಬಿಯ ಕಡೆ ನೋಡುವ ಮೊದಲು ನಮ್ಮ ಹೊಲದ ಈ ದುಂಬಿಗಳನ್ನು ಎಣಿಸಲಿ, ಅವು ಗೂಡು ಮಾಡುವ ಒಣಮರ, ಮಣ್ಣಿನ ದಿಬ್ಬಗಳನ್ನು ಬದುವಿನಲ್ಲಿ ಉಳಿಸಲಿ.