14ನೇ ಹುದ್ದೆ ಯಾವಾಗ ಬರ್ತದೆ?

ನಮಗೆ ಸೀಟು ಹಂಚುವಾಗ ಕೆಇಎ ಪಟ್ಟಿ ಇದೆ, ಕೆಟಗರಿ ಇದೆ. ಪಾಠ ಹೇಳುವವರನ್ನು ಆರಿಸುವಾಗ ಅದ್ಯಾವುದೂ ಇಲ್ಲ. ಅನುದಾನ ಪಡೆಯದ ಖಾಸಗಿ ಕಾಲೇಜಿನ ಹುದ್ದೆಗಳಿಗೆ ಮೀಸಲಾತಿ ಕಡ್ಡಾಯ ಅಲ್ಲ. ಹಂಗಾಗಿ ಬೆಂಚಿನ ಮೇಲೆ ಎಲ್ಲ ಥರದ ಮಂದಿ, ಸ್ಟಾಫ್ ರೂಮಿನಲ್ಲಿ ಬಹುತೇಕ ಒಂದೇ ಥರದ ಮಂದಿ.

ನಮ್ಮೂರು ದೇವಿಕೊಪ್ಪ, ಕಲಘಟಗಿ ತಾಲೂಕು. ಈ ತಾಲೂಕಿನಲ್ಲಿ ಸಿದ್ದಿ ಜನ ತಲೆಮಾರುಗಳಿಂದ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಯವರು ಸೇರಿದ್ದು 2020ರಲ್ಲಿ. ಅದೇ ಜನ, ಅದೇ ಕಾಡು, ನಡುವೆ ಜಿಲ್ಲೆಯ ಗಡಿ ಅಷ್ಟೇ. ಅದಕ್ಕೆ 17 ವರ್ಷ! 2020ರಲ್ಲಿ ಪಿಯುಸಿ ಮುಗಿಸಿದ ಹುಡುಗಿ ಬಿಇ, ಎಂಟೆಕ್, ಪಿಎಚ್‌ಡಿ ಅಂತ ಓದಿದರೆ ಪಾಠ ಹೇಳೋ ಹುದ್ದೆಗೆ ಅರ್ಜಿ ಹಾಕೋದೇ 2030ರ ಹೊತ್ತಿಗೆ.

ಸರ್ಕಾರಿ ಸಂಸ್ಥೆಯಲ್ಲೂ ಸುಲಭ ಇರಲಿಲ್ಲ. 2018ರಲ್ಲಿ ಯುಜಿಸಿ ಒಂದೊಂದು ವಿಭಾಗವನ್ನೂ ಬೇರೆ ಬೇರೆ ಎಣಿಸಬೇಕು ಅಂದಿತು. ಹಂಗೆ ಎಣಿಸಿದರೆ ಎಸ್‌ಟಿ ಸರದಿ ಬರೋದು 14ನೇ ಹುದ್ದೆಗೆ. ಐದಾರು ಮಂದಿ ಇರೋ ಡಿಪಾರ್ಟ್‌ಮೆಂಟಿಗೆ 14 ಯಾವ ಕಾಲಕ್ಕೆ ಬರಬೇಕು ಹೇಳ್ರಿ? ಕೇಂದ್ರದ ಸಂಸ್ಥೆಗಳಿಗೆ 2019ರ ಕಾಯ್ದೆ ಇಡೀ ಸಂಸ್ಥೆಯನ್ನು ಒಂದೇ ಘಟಕ ಮಾಡಿತು. ಖರೇ ಒಳ್ಳೇದಾಯ್ತು.

'ಮೆರಿಟ್ ಏನಾಗ್ತದೆ?' ಅಂತ ಹಾಸ್ಟೆಲಿನಲ್ಲಿ ಕೇಳ್ತಾರೆ. ಅಷ್ಟು ಕಾಳಜಿ ಇದ್ದರೆ ಪರಿಚಯದ ಮೇಲೆ ತಗೊಳ್ಳೋದನ್ನೂ ಕೇಳಬೇಕಲ್ಲ.

ಕಾನೂನು ಬರೋತನಕ ಮ್ಯಾನೇಜ್‌ಮೆಂಟ್ ಇಷ್ಟು ಮಾಡಲಿ. ಖಾಲಿ ಹುದ್ದೆಯ ಜಾಹೀರಾತು ಕನ್ನಡ ಪತ್ರಿಕೆಗಳಲ್ಲೂ ಕೊಡಲಿ. ಎಷ್ಟು ಅರ್ಜಿ ಬಂದವು, ಯಾರನ್ನು ಯಾಕೆ ತಗೊಂಡರು ಅಂತ ನೋಟಿಸ್ ಬೋರ್ಡಿಗೆ ಅಂಟಿಸಲಿ. ನಮ್ಮ ಇಂಟರ್ನಲ್ಸ್ ಮಾರ್ಕ್ಸ್ ಅಂಟಿಸೋ ಜಾಗದಾಗೇ ಅಂಟಿಸಿದರೂ ನಡೀತದೆ.